ಹಳೆಯ ಮೋಟಾರು ಗಾಡಿಯೂ ಕಾಣದ ತುಕ್ಕೂ

ಮನೆಯನ್ನು ಕೊಳ್ಳುವವರು ಗೋಡೆಯ ಬಣ್ಣವನ್ನು ನೋಡುವುದುಂಟು. ತೊಲೆಯೊಳಗೆ ಗೆದ್ದಲು ಹಿಡಿದಿದೆಯೇ ಎಂದು ತಟ್ಟಿ ನೋಡುವವರು ವಿರಳ. ಮೋಟಾರು ಗಾಡಿಯ ವಿಷಯದಲ್ಲಿಯೂ ನಮ್ಮ ನಡವಳಿಕೆ ಇದೇ ಬಗೆಯದು. ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಪಟ್ಟಣಗಳಲ್ಲಿ ಈಗ ಹದಿನೈದು, ಇಪ್ಪತ್ತು ವರ್ಷ ದುಡಿದ ಕಾರುಗಳು ಅನೇಕ ಮನೆಗಳ ಮುಂದೆ ನಿಂತಿರುತ್ತವೆ. ಅವುಗಳನ್ನು ಹಳೆಯವೆಂದು ಜರೆಯುವುದು ನಮ್ಮ ಉದ್ದೇಶವಲ್ಲ. ಮಧ್ಯಮ ಸ್ಥಿತಿಯ ಸಂಸಾರಿಗೆ ಹಳೆಯ ಗಾಡಿಯೇ ಭಾಗ್ಯ; ಚೆನ್ನಾಗಿ ನೋಡಿಕೊಂಡರೆ ಅದು ಹೊಸದರಂತೆಯೇ ನಂಬಿಕೆಗೆ ಪಾತ್ರವಾಗುವುದು. ಆದರೆ ಗಾಡಿಯ ತಳಭಾಗದಲ್ಲಿ ಯಾರ ಕಣ್ಣಿಗೂ ಬೀಳದೆ ಹರಿದಿರುವ ಒಂದು ಸಣ್ಣ ಕೊಳವೆಯ ವಿಷಯವಾಗಿ ಗೃಹಸ್ಥರು ತಿಳಿದಿರಬೇಕಾದ ಕೆಲವು ಮಾತುಗಳಿವೆ. ಅವುಗಳನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ತೆರಕಣಾಂಬಿಯ ಸಮೀಪದ ರಸ್ತೆಯಲ್ಲಿ ಕಲಿತೆವು.

ಕಳೆದ ನವರಾತ್ರಿಯ ಮರುವಾರ ನಾವು ಸಕುಟುಂಬವಾಗಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟಿದ್ದೆವು. ಅಂದು ರಾತ್ರಿ ಅಲ್ಲಿಯ ಬಂಧುಗಳ ಮನೆಯಲ್ಲಿ ತಂಗಿ, ಮರುದಿನ ಬೆಳಗ್ಗೆ ಬಂಡೀಪುರದ ಕಾಡನ್ನು ಹಾಯ್ದು ಉದಕಮಂಡಲಕ್ಕೆ ಹೋಗಬೇಕೆಂಬುದು ನಮ್ಮ ಸಂಕಲ್ಪ. ಹಿಂದಿನ ಆಸನದಲ್ಲಿ ನಮ್ಮ ತಾಯಿಯವರೂ ಇಬ್ಬರು ಮಕ್ಕಳೂ ಕುಳಿತಿದ್ದರು. ಆಯುಧಪೂಜೆಯಂದು ಹಚ್ಚಿದ ಗಂಧ ಕುಂಕುಮಗಳು ಗಾಡಿಯ ಮೂತಿಯ ಮೇಲೆ ಇನ್ನೂ ಮಾಸಿರಲಿಲ್ಲ. ದಾರಿಯ ಇಕ್ಕೆಲಗಳಲ್ಲಿ ಅರಿಸಿನದ ಹೊಲಗಳು ಮಳೆ ಕಂಡು ಹಸುರಾಗಿದ್ದವು.

ತೆರಕಣಾಂಬಿ ಇನ್ನೂ ಸ್ವಲ್ಪ ದೂರವಿರುವಾಗ ಕುರಿಯ ಮಂದೆಯೊಂದು ರಸ್ತೆಯನ್ನು ದಾಟುತ್ತಿದ್ದುದು ಕಂಡಿತು. ಎಂದಿನಂತೆ ಬ್ರೇಕನ್ನು ತುಳಿದೆವು. ಮೊದಲೊಂದು ಕ್ಷಣ ಅದು ಪಾದವನ್ನು ತಡೆಯಿತು. ಆ ಬಳಿಕ ಕೆಸರುಗದ್ದೆಯಲ್ಲಿ ಕಾಲಿಟ್ಟಂತೆ ಮೆಲ್ಲಗೆ ಕೆಳಕ್ಕಿಳಿಯತೊಡಗಿತು. ಗಾಡಿಯ ವೇಗ ಕುಗ್ಗಿತಾದರೂ ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಗೇರನ್ನು ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದೆವು. ಮಂದೆಗೆ ಎರಡು ಮಾರು ಉಳಿದಿರುವಾಗ ಗಾಡಿ ನಿಂತಿತು. ಕುರಿ ಕಾಯುವ ಮುದುಕನು ಹತ್ತಿರ ಬಂದು ಹಿಂದಿನ ಚಕ್ರದ ಕಡೆಗೆ ಬಗ್ಗಿ ನೋಡಿ, “ಗಾಡೀಲಿ ಏನೋ ಸೋರ್ತಾ ಅದ ಕನ ಸ್ವಾಮೀ, ನೋಡ್ಕಳಿ” ಎಂದನು. ಚಕ್ರದ ಒಳಮೈಯಿಂದ ತೆಳುವಾದ ಎಣ್ಣೆಯಂತಹ ದ್ರವವು ತೊಟ್ಟಿಕ್ಕುತ್ತಿತ್ತು.

ಮನೆಯವರನ್ನು ಬಸ್ಸಿನಲ್ಲಿ ಕಳುಹಿಸಿ, ಗಾಡಿಯನ್ನು ಮತ್ತೊಂದು ವಾಹನದ ಮೇಲೇರಿಸಿಕೊಂಡು ಗುಂಡ್ಲುಪೇಟೆಯ ಒಂದು ಕಾರ್ಖಾನೆಯನ್ನು ಸೇರಿದೆವು. ಮೇಸ್ತ್ರಿಯು ಗಾಡಿಯನ್ನು ಮೇಲೆತ್ತಿ, ಹಿಂದಿನ ಅಚ್ಚಿನ ಮೇಲ್ಗಡೆ ಗಟ್ಟಿಯಾಗಿ ಮೆತ್ತಿಕೊಂಡಿದ್ದ ಮಣ್ಣನ್ನು ಕೆರೆದು ತೆಗೆದನು. ಒಳಗಿದ್ದ ಬ್ರೇಕಿನ ಪೈಪು ಹುಳು ತಿಂದ ಕಡ್ಡಿಯಂತೆ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಅದರಲ್ಲಿ ಸೂಜಿಯ ಮೊನೆಯಷ್ಟು ತೂತು. ಇದು ಹೀಗೆ ಒಮ್ಮೆಲೇ ಆಯಿತಲ್ಲಾ ಎಂದು ನಾವು ಬೆರಗಾಗಲು, ಅವನು ನಗುತ್ತ ಹೇಳಿದನು: “ತೂತಾಗಿದ್ದು ಇವತ್ತು ಸಾರ್. ಕೊಳೆಯೋಕ ಸುರುವಾಗಿ ಐದಾರು ವರ್ಷ ಆಗದ.”

ಈ ಒಂದು ಮಾತಿನಲ್ಲಿ ಈ ಲೇಖನದ ಸಾರವೆಲ್ಲ ಅಡಗಿದೆ. ಬ್ರೇಕು ಕೈಕೊಡುವುದು ಕ್ಷಣಮಾತ್ರದಲ್ಲಿ. ಅದಕ್ಕೆ ಕಾರಣವಾದ ತುಕ್ಕು ಬೆಳೆಯುವುದು ವರ್ಷಗಟ್ಟಲೆ. ಆ ವರ್ಷಗಳಲ್ಲಿ ಒಂದು ದಿನ ಬಗ್ಗಿ ನೋಡಿದ್ದರೂ ಸಾಕಾಗಿತ್ತು.

ಬ್ರೇಕು ಕೆಲಸ ಮಾಡುವ ಕ್ರಮವನ್ನು ತಿಳಿದರೆ ಈ ಸಣ್ಣ ತೂತಿನ ಘೋರತ್ವವು ಮನಸ್ಸಿಗೆ ಬರುವುದು. ಓಕುಳಿಯ ದಿನ ಹುಡುಗರು ಪಿಚಕಾರಿಯ ಹಿಡಿಯನ್ನು ಒತ್ತಿದರೆ ನೀರು ಮುಂದಣ ರಂಧ್ರದಿಂದ ಚಿಮ್ಮುತ್ತದೆಯಷ್ಟೆ. ಆ ರಂಧ್ರಕ್ಕೆ ಒಂದು ಉದ್ದವಾದ ಕೊಳವೆಯನ್ನು ಸೇರಿಸಿ, ಅದರ ತುದಿಯಲ್ಲಿ ಮತ್ತೊಂದು ಪಿಚಕಾರಿಯನ್ನು ಇಟ್ಟರೆ, ಇಲ್ಲಿ ಒತ್ತಿದ ಬಲವು ಅಲ್ಲಿಯ ಹಿಡಿಯನ್ನು ಹೊರಕ್ಕೆ ದೂಡುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಈ ತತ್ವವನ್ನು ೧೭ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲನು ವಿವರಿಸಿದನು. ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಎಂಬವನು ಇದನ್ನು ಮೋಟಾರು ಗಾಡಿಯ ಬ್ರೇಕಿಗೆ ಅಳವಡಿಸಿದನು. ೧೯೨೧ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಇಂತಹ ಬ್ರೇಕು ಬಂದಿತು. ಇಂದಿಗೂ ಕಾರುಗಳ ಕ್ರಮ ಬಹುಮಟ್ಟಿಗೆ ಅದೇ. ಪಾದದಡಿಯ ಹಲಗೆಯನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಉಕ್ಕಿನ ಪೈಪುಗಳ ಮೂಲಕ ಚಕ್ರಗಳಿಗೆ ಒತ್ತಡವನ್ನು ಒಯ್ಯುವುದು.

ಈ ಪೈಪು ಪೆನ್ಸಿಲಿಗಿಂತಲೂ ಸಣ್ಣದು. ಅದರ ಗೋಡೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಮೆ. ಗಟ್ಟಿಯಾಗಿ ಬ್ರೇಕು ಹಾಕಿದಾಗ ಅದರೊಳಗಿನ ಒತ್ತಡವು ಚಕ್ರದಲ್ಲಿರುವ ಗಾಳಿಯ ಒತ್ತಡದ ೩೦ ಪಾಲಿಗೂ ಮೀರಬಹುದು. ಆದುದರಿಂದಲೇ ತುಕ್ಕಿನಿಂದ ಸವೆದ ಪೈಪು ಮೆಲ್ಲಗೆ ತುಳಿಯುವಾಗ ತಾಳಿಕೊಂಡಿದ್ದು, ನಿಜವಾದ ಗಂಡಾಂತರದಲ್ಲಿ ಕಾಲೊತ್ತಿ ತುಳಿದಾಗಲೇ ಒಡೆಯುತ್ತದೆ. ನಂಬಿದವರನ್ನು ಬೇಕಾದ ಹೊತ್ತಿನಲ್ಲಿ ಕೈಬಿಡುವ ಮಿತ್ರನಂತೆ ಇದರ ಸ್ವಭಾವ.

ನಮ್ಮ ಗಾಡಿ ಅಂದು ನಿಂತುದಕ್ಕೆ ಇನ್ನೊಂದು ಕಾರಣವುಂಟು. ಬಹಳ ಹಿಂದಿನ ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಸಾಲು ಇರುತ್ತಿತ್ತು. ಎಲ್ಲಿ ಸೋರಿದರೂ ಬ್ರೇಕು ಪೂರ್ತಿಯಾಗಿ ಹೋಗುವುದು. ಅನಂತರ ಎರಡು ಪ್ರತ್ಯೇಕ ಸಾಲುಗಳನ್ನು ಇಡುವ ಪದ್ಧತಿ ಬಂದಿತು. ಅಮೆರಿಕದಲ್ಲಿ ೧೯೬೦ರ ದಶಕದ ಕೊನೆಯಲ್ಲಿ ಇದು ಕಾನೂನಿನಿಂದಲೇ ಕಡ್ಡಾಯವಾಯಿತು. ಎರಡು ಸಾಲಿನ ಗಾಡಿಯಲ್ಲಿ ಒಂದು ಒಡೆದರೂ ಇನ್ನೊಂದು ಅರ್ಧ ಶಕ್ತಿಯಿಂದ ಕೆಲಸಮಾಡುವುದು. ಆ ಅರ್ಧವೇ ಅಂದು ನಮ್ಮನ್ನು ಕಾಪಾಡಿತು. ಆದರೆ ಆ ಅರ್ಧವು ಸಾಕಾದುದು ಸಮನಾದ ರಸ್ತೆಯಲ್ಲಿ ಎಂಬುದನ್ನು ಮರೆಯಬಾರದು.

ಮರುದಿನ ನಾವು ಹೋಗಬೇಕಾಗಿದ್ದ ದಾರಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡು, ಮಸಿನಗುಡಿಗಳ ಮೇಲೆ ಹೋದರೆ ಕಲ್ಹಟ್ಟಿಯ ಘಟ್ಟ. ಅಲ್ಲಿ ೩೬ ಕಡಿದಾದ ತಿರುವುಗಳು. ಬ್ರೇಕು ತಪ್ಪಿ ಆ ಇಳಿಜಾರಿನಲ್ಲಿ ಅಪಘಾತಗಳಾದ ಕಾರಣ ಹೊರಗಿನ ಗಾಡಿಗಳು ಅಲ್ಲಿ ಇಳಿಯದಂತೆ ನೀಲಗಿರಿಯ ಅಧಿಕಾರಿಗಳು ನಿರ್ಬಂಧ ಹಾಕಿದ್ದುಂಟು. ಹಿಂದಿರುಗುವಾಗ ನಾವು ಹಿಡಿಯಬೇಕೆಂದಿದ್ದ ಗೂಡಲೂರಿನ ಮಾರ್ಗವೂ ಘಟ್ಟದ ಇಳಿಜಾರೇ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲಿಯೂ ೨೭ ತಿರುವುಗಳಿವೆ. ನಮ್ಮ ಜಿಲ್ಲೆಯ ನೆಲ ಬಹುಪಾಲು ಸಮನಾಗಿದ್ದರೂ ಗಡಿಯನ್ನು ದಾಟಿದೊಡನೆ ಘಟ್ಟವು ಕಾದಿರುತ್ತದೆ. ಆ ಪೈಪು ಒಂದು ದಿನ ತಡವಾಗಿ ಒಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ಅಂದಿನ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಉಪ್ಪು ಗಾಳಿಯಿಲ್ಲದ ಈ ಒಣ ಸೀಮೆಯಲ್ಲಿ ಇಷ್ಟು ತುಕ್ಕು ಎಲ್ಲಿಂದ ಬಂದಿತು? ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮೇಲಣ ಹಿಮವನ್ನು ಕರಗಿಸಲು ಉಪ್ಪನ್ನು ಎರಚುವರು. ಅದು ಪೈಪುಗಳನ್ನು ಬೇಗನೆ ತಿನ್ನುವುದು. ಜನರಲ್ ಮೋಟಾರ್ಸ್ ಕಂಪೆನಿಯು ೧೯೯೯ರಿಂದ ೨೦೦೩ರವರೆಗಿನ ಮಾದರಿಗಳಾಗಿ ತಯಾರಿಸಿದ ಸುಮಾರು ೫೦ ಲಕ್ಷ ಗಾಡಿಗಳ ಬ್ರೇಕ್ ಪೈಪಿನ ವಿಚಾರವಾಗಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ಇಲಾಖೆಯು ಹಲವು ವರ್ಷ ತನಿಖೆ ನಡೆಸಿ, ೨೦೧೫ರ ಏಪ್ರಿಲಿನಲ್ಲಿ ಅದನ್ನು ಮುಗಿಸಿತು. ಇದು ಒಂದೇ ಕಂಪೆನಿಯ ದೋಷವಲ್ಲ, ಉಪ್ಪಿನ ರಸ್ತೆಗಳಲ್ಲಿ ಓಡಿ ಹಳೆಯದಾದ ಗಾಡಿಗಳಿಗೆಲ್ಲ ಬರುವ ಸವೆತವೆಂದು ಹೇಳಿ, ತಳಭಾಗವನ್ನು ತೊಳೆಯಿಸಿ ಪೈಪುಗಳನ್ನು ಪರೀಕ್ಷಿಸಬೇಕೆಂದು ಮಾಲೀಕರಿಗೆ ಸೂಚಿಸಿತು.

ನಮ್ಮಲ್ಲಿ ಉಪ್ಪನ್ನು ಎರಚುವವರಿಲ್ಲ. ಆದರೆ ನಮ್ಮ ಗಾಡಿಯನ್ನು ನಾವು ಆರು ವರ್ಷಗಳ ಹಿಂದೆ ಸಮುದ್ರತೀರದ ಊರೊಂದರಿಂದ ಕೊಂಡುತಂದಿದ್ದೆವು. ಕಡಲಗಾಳಿಯ ಉಪ್ಪು ಅದರೊಂದಿಗೇ ಬಂದಿರಬೇಕು. ಕೋಳಿಕ್ಕೋಡಿನ ಹೆದ್ದಾರಿಯು ಗುಂಡ್ಲುಪೇಟೆಯ ಮೇಲೆಯೇ ಹಾಯುವುದರಿಂದ ಹೀಗೆ ತೀರದಿಂದ ಬರುವ ಗಾಡಿಗಳು ಇಲ್ಲಿ ಅಪರೂಪವಲ್ಲ. ಮೇಲಾಗಿ ಹೊಲದ ದಾರಿಯ ಕೆಸರು ತಳಕ್ಕೆ ಮೆತ್ತಿಕೊಂಡರೆ, ಮೇಲ್ಭಾಗ ಒಣಗಿದರೂ ಒಳಗೆ ತೇವವು ನಿಲ್ಲುವುದು. ಪೈಪನ್ನು ಹಿಡಿದಿರುವ ಕ್ಲಿಪ್ಪುಗಳ ಸಂದಿಯಲ್ಲಿ, ಇಂಧನದ ತೊಟ್ಟಿಯ ಮಗ್ಗುಲಲ್ಲಿ, ಹಿಂದಿನ ಅಚ್ಚಿನ ಮೇಲ್ಗಡೆ ಈ ತೇವವು ಆರುವುದೇ ಇಲ್ಲ. ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೂ ಇದೇ ಗತಿ.

ತುಕ್ಕು ಹೊರಗಿನಿಂದ ಮಾತ್ರ ಬರುವುದೆಂದು ತಿಳಿಯಬಾರದು. ಸಾಮಾನ್ಯವಾದ ಬ್ರೇಕ್ ಆಯಿಲಿಗೆ, ಮಳೆಗಾಲದ ಬೆಲ್ಲದಂತೆ, ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಆ ನೀರು ಒಳಗಿನಿಂದಲೂ ಲೋಹವನ್ನು ಕೆಡಿಸುವುದು. ಅದಕ್ಕಿಂತಲೂ ಭಯಂಕರವಾದ ಮತ್ತೊಂದು ಫಲವುಂಟು. ‘ಡಾಟ್ ೩’ ಎಂಬ ಜಾತಿಯ ಆಯಿಲು ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮ. ಶೇಕಡ ನಾಲ್ಕರಷ್ಟು ನೀರು ಸೇರುವ ಹೊತ್ತಿಗೆ ಈ ಮಿತಿಯು ೧೪೦ ಡಿಗ್ರಿಗೆ ಇಳಿಯುವುದು. ಘಟ್ಟವನ್ನಿಳಿಯುವಾಗ ಎಡೆಬಿಡದೆ ಬ್ರೇಕನ್ನು ಒತ್ತಿದರೆ ಚಕ್ರವು ಕಾದು ಆಯಿಲು ಕುದಿದು ಆವಿಯಾಗುವುದು. ಆವಿಯು ಒತ್ತಿದರೆ ಕುಗ್ಗುವುದರಿಂದ ಪಾದವು ಬರಿದಾಗಿ ಕೆಳಗಿಳಿಯುವುದು. ಪೈಪು ಚೆನ್ನಾಗಿದ್ದರೂ ಆಯಿಲು ಹಳೆಯದಾದರೆ ಬ್ರೇಕಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ನಮ್ಮ ತಪ್ಪನ್ನೂ ಮುಚ್ಚಿಡದೆ ಹೇಳಬೇಕು. ಆ ವರ್ಷ ಎರಡು ಬಾರಿ ಆಯಿಲಿನ ಕೆಂಪು ದೀಪವು ಹೊತ್ತಿಕೊಂಡಿತ್ತು. ಎರಡು ಬಾರಿಯೂ ಒಂದು ಕಾರ್ಖಾನೆಯವರು ಸ್ವಲ್ಪ ಆಯಿಲನ್ನು ಸುರಿದು ಕಳುಹಿಸಿದರು. ನಾವೂ ಸುಮ್ಮನೆ ಹಣ ಕೊಟ್ಟು ಬಂದೆವು. ತೂತುಕೊಡದಲ್ಲಿ ನೀರು ಇಳಿದರೆ ಮತ್ತೆ ತುಂಬುವವರನ್ನು ಕಂಡು ನಗುವ ನಾವು, ಆ ಆಯಿಲು ಎಲ್ಲಿಗೆ ಹೋಯಿತೆಂದು ಕೇಳಲಿಲ್ಲ. ಬ್ರೇಕಿನ ಲೈನರುಗಳು ಸವೆದಂತೆ ಮಟ್ಟವು ತುಸು ಇಳಿಯುವುದು ಸಹಜ; ಮತ್ತೆ ಮತ್ತೆ ಇಳಿದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ.

ಇನ್ನು ಗೃಹಸ್ಥರು ಮಾಡಬೇಕಾದುದೇನೆಂದರೆ: ತಿಂಗಳಿಗೊಮ್ಮೆ ಆಯಿಲಿನ ಡಬ್ಬಿಯ ಗುರುತನ್ನು ನೋಡತಕ್ಕದ್ದು. ದೂರದ ಪಯಣಕ್ಕೆ ಮುಂಚೆ ಇಂಜಿನನ್ನು ನಡೆಸಿ, ಬ್ರೇಕನ್ನು ಬಲವಾಗಿ ತುಳಿದು ಮೂವತ್ತು ಎಣಿಸುವವರೆಗೆ ಹಾಗೆಯೇ ಹಿಡಿಯಬೇಕು. ಅದು ಮೆಲ್ಲಗೆ ಇಳಿಯುತ್ತಿದ್ದರೆ ಅಂದಿನ ಪಯಣ ಬೇಡ. ಗಾಡಿ ನಿಂತ ನೆಲವನ್ನೂ ಚಕ್ರಗಳ ಒಳಮೈಯನ್ನೂ ಒದ್ದೆಯಿದೆಯೇ ಎಂದು ನೋಡಬೇಕು. ಮಳೆಗಾಲ ಮುಗಿದ ಮೇಲೆ ಗಾಡಿಯನ್ನು ಮೇಲೆತ್ತಿಸಿ, ತಳದ ಮಣ್ಣನ್ನು ತೊಳೆಯಿಸಿ, ಪೈಪನ್ನು ಮೊದಲಿನಿಂದ ಕೊನೆಯವರೆಗೆ ತೋರಿಸೆಂದು ಮೇಸ್ತ್ರಿಯನ್ನು ಕೇಳಿರಿ. ಚಕ್ರದ ಬಳಿಯ ರಬ್ಬರು ಪೈಪುಗಳು ಬಿರುಕುಬಿಟ್ಟಿವೆಯೇ ಎಂಬುದನ್ನೂ ನೋಡಿಸಿರಿ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ನೀವಾಗಿ ನುಸುಳುವ ಸಾಹಸವನ್ನು ಮಾತ್ರ ಮಾಡಬೇಡಿರಿ.

ಕೆಟ್ಟ ಪೈಪಿಗೆ ಬೆಸುಗೆ ಹಾಕಿಸುವುದಾಗಲಿ, ನಡುವೆ ರಬ್ಬರಿನ ತುಂಡನ್ನು ಸೇರಿಸುವುದಾಗಲಿ ಕೂಡದು. ಆ ಭಾಗವನ್ನೇ ಹೊಸದಾಗಿ ಹಾಕಿಸಬೇಕು. ತಾಮ್ರಕ್ಕೆ ನಿಕ್ಕಲ್ ಬೆರಸಿದ ಪೈಪುಗಳು ಉಕ್ಕಿನವುಗಳಂತೆ ತುಕ್ಕು ಹಿಡಿಯುವುದಿಲ್ಲ. ದೊರೆತರೆ ಅವು ಉತ್ತಮ. ನಮಗೆ ತಗಲಿದ ವೆಚ್ಚವು ಹಬ್ಬಕ್ಕೆ ಮನೆಮಂದಿಗೆಲ್ಲ ಬಟ್ಟೆ ತಂದುದಕ್ಕಿಂತ ಹೆಚ್ಚಾಗಲಿಲ್ಲ.

ದಾರಿಯಲ್ಲಿಯೇ ಬ್ರೇಕು ತಪ್ಪಿದರೆ ಧೈರ್ಯಗೆಡಬಾರದು. ಪದೇ ಪದೇ ಬೇಗ ಬೇಗನೆ ತುಳಿಯಬೇಕು; ಗೇರನ್ನು ಒಂದೊಂದಾಗಿ ಇಳಿಸಬೇಕು; ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಜಗ್ಗದೆ ಮೆಲ್ಲಗೆ ಎಳೆಯಬೇಕು; ಹಾರನ್ನು ಬಾರಿಸುತ್ತಿರಬೇಕು. ಓಡುತ್ತಿರುವಾಗ ಇಂಜಿನನ್ನು ಆರಿಸಬಾರದು. ಘಟ್ಟವನ್ನಿಳಿಯುವಾಗ ಮೊದಲಿನಿಂದಲೇ ಕೆಳಗಿನ ಗೇರಿನಲ್ಲಿ ಇಳಿದರೆ ಬ್ರೇಕಿಗೆ ಬೀಳುವ ಭಾರವು ಬಹಳ ಕಡಮೆಯಾಗುವುದು.

ಖಾಸಗಿ ಕಾರಿಗೆ ೧೫ ವರ್ಷ ತುಂಬಿದ ಮೇಲೆ ಅದನ್ನು ಸಾರಿಗೆ ಕಚೇರಿಯಲ್ಲಿ ತೋರಿಸಿ ನೋಂದಣಿಯನ್ನು ಹೊಸದುಮಾಡಿಸಬೇಕು. ಅಲ್ಲಿಂದ ಮುಂದೆ ಐದು ವರ್ಷಕ್ಕೊಮ್ಮೆ ಹಾಗೆಯೇ. ಆದರೆ ತುಕ್ಕು ಐದು ವರ್ಷ ಕಾದಿರುವುದಿಲ್ಲ. ಸರಕಾರದ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದು ಮನೆಯ ಯಜಮಾನನ ಕಣ್ಣಿಗೆ ಬದಲಾಗಲಾರದು.

ನಾವು ಉದಕಮಂಡಲಕ್ಕೆ ಹೋದೆವೇ ಎಂದು ಕೇಳುವಿರಾದರೆ, ಒಂದು ವಾರ ಕಳೆದು, ಎಲ್ಲ ಪೈಪುಗಳನ್ನೂ ಹೊಸದಾಗಿ ಹಾಕಿಸಿಕೊಂಡು ಹೋಗಿ ಸುಖವಾಗಿ ಬಂದೆವು. ಹೊರಡುವಾಗ ನಮ್ಮ ತಾಯಿಯವರು ಗಾಡಿಯ ಮೂತಿಯ ಕುಂಕುಮವನ್ನು ನೋಡಿ, “ಮೇಲೆ ಪೂಜೆ ಮಾಡಿದೆಯಪ್ಪಾ, ಸರಿ, ಬರುವ ವರ್ಷ ಕೆಳಗೂ ಒಂದು ಸಲ ಬಗ್ಗಿ ನೋಡು” ಎಂದರು. ಆಯುಧಪೂಜೆಯೆಂದರೆ ನಮ್ಮನ್ನು ಕಾಯುವ ಆಯುಧಗಳನ್ನು ವರ್ಷಕ್ಕೊಮ್ಮೆ ಇಳಿಸಿ, ತೊಳೆದು, ಹದನೋಡಿ ಇಡುವುದೇ ಅಲ್ಲವೇ? ನಿಂಬೆಹಣ್ಣನ್ನು ಚಕ್ರದಡಿಯಲ್ಲಿಡಲು ಹೇಗೂ ಬಗ್ಗುತ್ತೇವೆ. ಬಗ್ಗಿದವರು ಇನ್ನೊಂದು ಗಳಿಗೆ ಅಲ್ಲಿಯೇ ಇದ್ದು ಚಕ್ರದ ಹಿಂದೆ ಒದ್ದೆಯಿದೆಯೇ ಎಂದು ನೋಡಿದರೆ, ಆ ವರ್ಷದ ಪೂಜೆ ಪೂರ್ಣವಾದಂತೆ.