ತಂಗಿ ಈಗ ಇಂಗ್ಲಿಷ್ ಮಿಸ್

ಮನೆಯಲ್ಲಿ ಯಾರಾದರೂ ಬಿ.ಇಡಿ. ಓದುತ್ತಿದ್ದರೆ ನಿಮಗೆ ಗೊತ್ತಿರುತ್ತದೆ. ಹಾಲ್ ತುಂಬಾ ಚಾರ್ಟ್ ಪೇಪರ್, ಸ್ಕೆಚ್ ಪೆನ್, ಗಮ್ಮಿನ ಬಾಟಲ್. ರಾತ್ರಿ ಹನ್ನೊಂದಾದರೂ ಲೆಸನ್ ಪ್ಲಾನ್ ಬರೆಯೋದು ಮುಗಿದಿರಲ್ಲ. ಕೆಲವು ತಿಂಗಳಿಂದ ನಮ್ಮ ಮನೆಯೂ ಹಾಗೇ ಇದೆ. ನನ್ನ ತಂಗಿ ಬಿ.ಇಡಿ. ಎರಡನೇ ವರ್ಷದಲ್ಲಿದ್ದಾಳೆ. ಚನ್ನರಾಯಪಟ್ಟಣ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದಾಳೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋನು. ವಾರಕ್ಕೆ ಎರಡು ಮೂರು ರಾತ್ರಿ ಅವಳ ಫೋನ್ ಬರುತ್ತದೆ. ಅವಳ ಕ್ಲಾಸಿಗೆ ನಾನು ಕಾಲಿಟ್ಟಿಲ್ಲ, ಆದರೂ ಅಲ್ಲಿ ಯಾವ ಬೆಂಚಿನಲ್ಲಿ ಯಾರು ಕೂರುತ್ತಾರೆ ಅನ್ನುವುದು ನನಗೆ ಗೊತ್ತು!

ಮೊದಲು ಒಂದು ವರ್ಷದ್ದಾಗಿದ್ದ ಬಿ.ಇಡಿ. 2015ರಿಂದ ಎರಡು ವರ್ಷದ್ದಾಗಿದೆ. ಅದರಲ್ಲಿ ಒಟ್ಟು 20 ವಾರ ಶಾಲೆಯಲ್ಲೇ ಕಳೆಯಬೇಕು. 16 ವಾರ ಎರಡನೇ ವರ್ಷದಲ್ಲೇ. ಅದಕ್ಕೂ ಮೊದಲು ಕಾಲೇಜಿನಲ್ಲಿ ಮೈಕ್ರೋ ಟೀಚಿಂಗ್ ಅಂತ ಇರುತ್ತದೆ. ಐದಾರು ನಿಮಿಷದ ಪುಟ್ಟ ಪಾಠ, ಒಂದು ಸಲಕ್ಕೆ ಒಂದೇ ಕೌಶಲ. ಇವತ್ತು ಪ್ರಶ್ನೆ ಕೇಳುವುದು, ನಾಳೆ ಕಪ್ಪು ಹಲಗೆ ಬಳಸುವುದು, ಹೀಗೆ. ಅಲ್ಲಿ ವಿದ್ಯಾರ್ಥಿಗಳಾಗಿ ಕೂರುವವರು ಡಿಗ್ರಿ ಮುಗಿಸಿದ ಗೆಳತಿಯರೇ. ಪ್ರಶ್ನೆ ಕೇಳುವ ಮೊದಲೇ ಉತ್ತರ ರೆಡಿ ಇರುತ್ತದೆ. ನಿಜವಾದ ಕ್ಲಾಸು ಹಾಗಿರಲ್ಲವಲ್ಲ.

ಮೊದಲ ವಾರದ ಮೌನ

ಮೊದಲ ದಿನ ಮೂವತ್ತೆಂಟು ಮಕ್ಕಳು ಎದ್ದು ನಿಂತು ಹೆಂಚು ಹಾರಿಹೋಗುವ ಹಾಗೆ ‘ಗುಡ್ ಮಾರ್ನಿಂಗ್ ಮಿಸ್’ ಅಂದರಂತೆ. ಇವಳಿಗೆ ಖುಷಿ. ಕೂತ ಮೇಲೆ ಇಂಗ್ಲಿಷಿನಲ್ಲಿ ಒಂದು ಸುಲಭದ ಪ್ರಶ್ನೆ ಕೇಳಿದಳು. ಯಾರೂ ಮಾತಾಡಲಿಲ್ಲ. ಇನ್ನೊಂದು ಕೇಳಿದಳು. ಎಲ್ಲರ ತಲೆ ಪುಸ್ತಕದೊಳಗೆ ಹೋಯಿತು. ಕೊನೆಗೆ ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಂಡು ಪೀರಿಯಡ್ ಮುಗಿಸಿದ್ದಾಳೆ. ‘ಅಣ್ಣ, ಗೋಡೆಗೆ ಪಾಠ ಮಾಡಿದ ಹಾಗಾಯ್ತು’ ಅಂದಳು.

ಅವಳೊಳಗೆ ಇನ್ನೊಂದು ಭಯವೂ ಇತ್ತು. ಅವಳು ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತಗೊಂಡಿದ್ದರೂ ಮಾತಾಡುವಾಗ ತಡವರಿಸುತ್ತಾಳೆ. ‘ಮಿಸ್‌ಗೇ ಸರಿಯಾಗಿ ಬರಲ್ಲ ಅಂತ ಮಕ್ಕಳಿಗೆ ಗೊತ್ತಾಗಿಬಿಟ್ಟರೆ?’ ಏಳನೇ ಕ್ಲಾಸಿನಿಂದ ‘ನಾನು ಟೀಚರ್ರೇ ಆಗೋದು’ ಅನ್ನುತ್ತಿದ್ದವಳು ಎರಡನೇ ವಾರಕ್ಕೆ ‘ಇದೊಂದು ಮುಗಿಸಿ ಬ್ಯಾಂಕ್ ಎಕ್ಸಾಂ ಕಟ್ತೀನಿ, ಪುಸ್ತಕ ತಂದುಕೊಡು’ ಅಂದಳು. ತಂದುಕೊಟ್ಟೆ.

ಅವಳ ಪಾಠ ನೋಡಲು ಆ ಶಾಲೆಯ ಇಂಗ್ಲಿಷ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅವರು ದೊಡ್ಡ ಉಪದೇಶವನ್ನೇನೂ ಮಾಡಲಿಲ್ಲ. ‘ಪ್ರಶ್ನೆ ಕೇಳಿ ಸುಮ್ಮನಿರಮ್ಮ. ಮನಸ್ಸಲ್ಲೇ ಐದು ಎಣಿಸು’ ಅಂದರಂತೆ, ಅಷ್ಟೇ.

ಇದು ಬರೀ ಅನುಭವದ ಮಾತಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ವಿಜ್ಞಾನದ ತರಗತಿಗಳಲ್ಲಿ ಇದನ್ನು ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು.

ಪರಭಾಷೆಯ ಕ್ಲಾಸಿನಲ್ಲಂತೂ ಇದು ಇನ್ನೂ ಮುಖ್ಯ. ಹಳ್ಳಿಯ ಮಗು ಪ್ರಶ್ನೆಯನ್ನು ಮೊದಲು ಕನ್ನಡಕ್ಕೆ ತಂದುಕೊಳ್ಳಬೇಕು, ಕನ್ನಡದಲ್ಲಿ ಯೋಚಿಸಬೇಕು, ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಆಮೇಲೆ ‘ಯಾರಾದ್ರೂ ನಗ್ತಾರಾ’ ಅಂತಲೂ ನೋಡಿಕೊಳ್ಳಬೇಕು. ಒಂದು ಸೆಕೆಂಡಿನಲ್ಲಿ ಇಷ್ಟೆಲ್ಲ ಆಗುತ್ತದೆಯೇ? ಕ್ಲೈಂಟ್ ಕಾಲ್‌ಗಳಲ್ಲಿ ನಮ್ಮ ಟೀಮಿನ ಫ್ರೆಶರ್‌ಗಳನ್ನು ನೋಡಿದ್ದೇನೆ. ಉತ್ತರ ಗೊತ್ತಿರುತ್ತದೆ, ವಾಕ್ಯ ಜೋಡಿಸಿ ಅನ್‌ಮ್ಯೂಟ್ ಮಾಡುವಷ್ಟರಲ್ಲಿ ಇನ್ಯಾರೋ ಹೇಳಿಬಿಟ್ಟಿರುತ್ತಾರೆ. ಸುಮ್ಮನಿದ್ದವರಿಗೆಲ್ಲ ಗೊತ್ತಿಲ್ಲ ಅಂತಲ್ಲ.

ಪೆನ್ಸಿಲ್ಲಿನ ಪುಟ್ಟ ಅಕ್ಷರ

ಮಕ್ಕಳ ಇಂಗ್ಲಿಷ್ ಪಠ್ಯಪುಸ್ತಕ ತೆರೆದರೆ ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡದ ಪುಟ್ಟ ಅಕ್ಷರಗಳು ಕಾಣುತ್ತವೆ. ಬ್ಯೂಟಿಫುಲ್, ನೈಫ್, ಡಾಟರ್. ನಮ್ಮಲ್ಲಿ ಎಷ್ಟು ಜನ ಹೀಗೆ ಬರೆದುಕೊಂಡು ಓದಿಲ್ಲ ಹೇಳಿ! ಅಳಿಸಿ ಅನ್ನುವ ಶಿಕ್ಷಕರೂ ಇದ್ದಾರೆ. ತಂಗಿ ಅಳಿಸಲಿಲ್ಲ. ಯಾವ ಪದದ ಮೇಲೆ ಬರೆದುಕೊಂಡಿದ್ದಾರೆ, ಯಾವುದನ್ನು ಹಾಗೇ ಬಿಟ್ಟಿದ್ದಾರೆ ಅಂತ ನೋಡುತ್ತಾ ಹೋದಳು. ಕನ್ನಡದಲ್ಲಿ ಬರೆದಂತೆಯೇ ಓದುತ್ತೇವೆ. ಇಂಗ್ಲಿಷಿನಲ್ಲಿ ಬರೆದ ಅಕ್ಷರವನ್ನೇ ನುಂಗಿಬಿಡುತ್ತಾರೆ. ಎಲ್ಲಿ ಅಕ್ಷರ ಮೋಸ ಮಾಡುತ್ತದೋ ಅಲ್ಲೇ ಪೆನ್ಸಿಲ್ ಓಡಿದೆ.

ವಾಕ್ಯಗಳದ್ದೂ ಇದೇ ಕಥೆ. ‘ಮೈ ಫಾದರ್ ಹಾಸನ್ ವೆಂಟ್’ ಅಂತ ಒಬ್ಬ ಬರೆದಿದ್ದಾನೆ. ‘ಅಪ್ಪ ಹಾಸನಕ್ಕೆ ಹೋದರು’ ಅನ್ನುವಾಗ ಕ್ರಿಯಾಪದ ಕೊನೆಯಲ್ಲೇ ತಾನೇ ಬರುವುದು? ಹುಡುಗ ತನಗೆ ಗೊತ್ತಿರುವ ವ್ಯಾಕರಣವನ್ನೇ ಇಂಗ್ಲಿಷಿಗೂ ಹಾಕಿದ್ದಾನೆ. ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ 1967ರ ಒಂದು ಪ್ರಸಿದ್ಧ ಲೇಖನದಲ್ಲಿ ಹೇಳಿದ್ದು ಇದನ್ನೇ: ಕಲಿಯುವವನ ತಪ್ಪುಗಳು ಅವನು ಎಲ್ಲಿಯವರೆಗೆ ಬಂದಿದ್ದಾನೆ ಎಂಬುದನ್ನು ತೋರಿಸುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಎರರ್ ಲಾಗ್. ಲಾಗ್ ಓದದೆ ಯಾರಾದರೂ ಕೋಡ್ ಸರಿ ಮಾಡುತ್ತಾರಾ?

ಈಗ ಅವಳು ನೋಟ್‌ಬುಕ್ ತುಂಬಾ ಕೆಂಪು ಇಂಕು ಸುರಿಯುವುದನ್ನು ಬಿಟ್ಟಿದ್ದಾಳೆ. ವಾರಕ್ಕೆ ಒಂದೇ ಬಗೆಯ ತಪ್ಪು ಆರಿಸಿಕೊಳ್ಳುತ್ತಾಳೆ. ಹಲಗೆಯ ಮೇಲೆ ಕನ್ನಡದ ವಾಕ್ಯ, ಪಕ್ಕದಲ್ಲಿ ಇಂಗ್ಲಿಷಿನದು. ಯಾವ ಪದ ಎಲ್ಲಿಗೆ ಓಡಿತು ಅಂತ ಬಾಣ ಹಾಕಿ ಕನ್ನಡದಲ್ಲೇ ಐದು ನಿಮಿಷ ವಿವರಣೆ. ಉಳಿದ ಹೊತ್ತು ಇಂಗ್ಲಿಷ್.

ಅಜ್ಜಿಗೆ ಯಾವ ಬಸ್?

ಬಿ.ಇಡಿ. ನೋಟ್ಸಿನಲ್ಲಿ ಬೆಂಗಳೂರು ಪ್ರಾಜೆಕ್ಟ್ ಅಂತ ಒಂದು ಪಾಠ ಬರುತ್ತದೆ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗ ಅದು. ವ್ಯಾಕರಣದ ಪಟ್ಟಿ ಹಿಡಿದು ಪಾಠ ಮಾಡುವ ಬದಲು ಮಕ್ಕಳಿಗೆ ಬಿಡಿಸಲು ಸಮಸ್ಯೆ ಕೊಡುತ್ತಿದ್ದರು. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವು. ಗಮನವೆಲ್ಲ ಉತ್ತರ ಹುಡುಕುವುದರ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಅನ್ನುವುದು ಪ್ರಭು ಅವರ ವಾದ. 1987ರಲ್ಲಿ ಈ ಬಗ್ಗೆ ಅವರ ಪುಸ್ತಕವೂ ಬಂತು. ಇಂದು ಜಗತ್ತಿನ ಬೇರೆ ಬೇರೆ ಕಡೆ ‘ಟಾಸ್ಕ್’ ಆಧಾರಿತ ಕಲಿಕೆ ಅಂತ ಹೇಳಿಕೊಡುವಾಗ ನಮ್ಮ ಬೆಂಗಳೂರಿನ ಹೆಸರು ಬರುವುದು ಇದರಿಂದಲೇ.

ತಂಗಿ ಇದನ್ನು ಪರೀಕ್ಷೆಗೆ ಬರೆದು ಮರೆಯಲಿಲ್ಲ. ರೈಲಿನ ಬದಲು ಬಸ್ ತಗೊಂಡಳು. ಸಮಯಗಳನ್ನೆಲ್ಲ ತಾನೇ ಹಾಕಿ ಒಂದು ಪಟ್ಟಿ ಮಾಡಿದಳು. ಚನ್ನರಾಯಪಟ್ಟಣದಿಂದ ರಾಜಹಂಸ 8.10ಕ್ಕೆ ಹೊರಟು 9ಕ್ಕೆ ಹಾಸನ. ಕೆಂಪು ಬಸ್ 8.25ಕ್ಕೆ ಹೊರಟು 9.30ಕ್ಕೆ. ಮೂರನೆಯದು ತಲುಪುವುದೇ 10.20ಕ್ಕೆ. ಅಜ್ಜಿ ಹತ್ತು ಗಂಟೆಯೊಳಗೆ ಹಾಸನದ ಆಸ್ಪತ್ರೆಯಲ್ಲಿರಬೇಕು. ಯಾವ ಬಸ್? ಉತ್ತರ ಇಂಗ್ಲಿಷಿನಲ್ಲಿ ಹೇಳಬೇಕು, ತಪ್ಪಾದರೂ ಪರವಾಗಿಲ್ಲ.

ಬೇಗ ತಲುಪುವ ರಾಜಹಂಸವೇ ಸರಿ ಅಂತ ಅವಳು ಪ್ಲಾನಿನಲ್ಲಿ ಬರೆದುಕೊಂಡಿದ್ದಳು. ಐದು ಎಣಿಸಿದಳು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಅದುವರೆಗೆ ಹಾಜರಿ ಬಿಟ್ಟರೆ ಬಾಯಿ ತೆರೆಯದವಳು. ‘ನೋ ಮಿಸ್. ಸೆಕೆಂಡ್ ಬಸ್. ಅಜ್ಜಿ ಫ್ರೀ ಗೋ’ ಅಂದಳು.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಕೆಂಪು ಬಸ್ ಉಚಿತ, ರಾಜಹಂಸಕ್ಕೆ ಟಿಕೆಟ್ ತಗೋಬೇಕು. ಕೆಂಪು ಬಸ್ಸಿನಲ್ಲಿ ಹೋದರೂ ಅರ್ಧ ಗಂಟೆ ಮುಂಚೆಯೇ ತಲುಪಬಹುದು. ದುಡ್ಡು ಯಾಕೆ ಸುಮ್ಮನೆ? ತಂಗಿ ಅವಳ ವ್ಯಾಕರಣ ತಿದ್ದಲು ಹೋಗಲಿಲ್ಲ. ‘ಯೆಸ್! ಅಜ್ಜಿ ಕ್ಯಾನ್ ಗೋ ಫ್ರೀ’ ಅಂತ ಅದೇ ಮಾತನ್ನು ಸರಿಯಾದ ರೂಪದಲ್ಲಿ ವಾಪಸ್ ಕೊಟ್ಟಳು. ಆಮೇಲೆ ಕ್ಲಾಸಿನಲ್ಲಿ ಜಗಳವೇ ಶುರು. ‘ರಶ್ ಮಿಸ್, ನೋ ಸೀಟ್’ ಅಂತ ಒಬ್ಬ. ‘ಓಲ್ಡ್ ಪೀಪಲ್ ಸೀಟ್ ಗಿವ್’ ಅಂತ ಇನ್ನೊಬ್ಬಳು. ಗಲಾಟೆ ಕೇಳಿ ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕಿ ಹೋದರಂತೆ.

ಉಳಿದಿರುವ ಕಷ್ಟ

ಇದಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಪಾಠ ಮುಗಿಸಬೇಕು, ನೋಟ್ಸ್ ಬರೆಸಬೇಕು. ಎಸ್ಸೆಸ್ಸೆಲ್ಸಿಯ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಬಸ್ಸಿನ ಜಗಳಕ್ಕೆ ಅಂಕ ಇಲ್ಲ. ಕಾಲೇಜಿನಿಂದ ಪಾಠ ನೋಡಲು ಬರುವವರಿಗೆ ಗದ್ದಲದ ಕ್ಲಾಸು ಹಿಡಿತ ತಪ್ಪಿದ ಕ್ಲಾಸಿನಂತೆ ಕಾಣಬಹುದು. ಹಾಗಾಗಿ ವಾರಕ್ಕೆ ಒಂದೇ ಪೀರಿಯಡ್ ಇದಕ್ಕೆ ಅಂತ ಆ ಮೇಡಂ ಬಿಟ್ಟುಕೊಟ್ಟಿದ್ದಾರೆ.

ಆ ಹುಡುಗಿ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಮಿಸ್, ನನಗೆ ಲೆಕ್ಕ ಚೆನ್ನಾಗಿ ಬರುತ್ತೆ. ಪಿಯುಸಿಲಿ ಸೈನ್ಸ್ ಎಲ್ಲಾ ಇಂಗ್ಲಿಷಲ್ಲೇ ಅಂತೆ, ಅದಕ್ಕೇ ಬೇಡ ಅಂದ್ಕೊಂಡಿದ್ದೆ’ ಅಂದಳಂತೆ. ‘ಅಂದ್ಕೊಂಡಿದ್ದೆ’ ಅಂದಿದ್ದನ್ನು ತಂಗಿ ನನಗೆ ಎರಡು ಸಲ ಹೇಳಿದಳು. ಎಂಟನೇ ಕ್ಲಾಸಿನಲ್ಲೇ ಒಂದು ಭಾಷೆಗೆ ಹೆದರಿ ಮಕ್ಕಳು ದಾರಿ ಬದಲಿಸಿಬಿಡುತ್ತಾರೆ. ಅದನ್ನು ತಡೆಯಲು ನಿರರ್ಗಳ ಇಂಗ್ಲಿಷೇ ಬೇಕು ಅಂತಿಲ್ಲ, ಕಾಯುವ ಟೀಚರ್ ಸಿಕ್ಕರೂ ಸಾಕು ಅನ್ನಿಸುತ್ತದೆ.

ನಿಮ್ಮ ಮನೆಯಲ್ಲೂ ತಮ್ಮನೋ ಅಕ್ಕನ ಮಗಳೋ ಇಂಗ್ಲಿಷಿನಲ್ಲಿ ಏನಾದರೂ ಹೇಳಲು ಹೊರಟರೆ ಮಧ್ಯದಲ್ಲಿ ತಿದ್ದಬೇಡಿ. ಮನಸ್ಸಲ್ಲೇ ಐದು ಎಣಿಸಿ. ತಂಗಿಯ ಇಂಟರ್ನ್‌ಶಿಪ್ ಮುಗಿಯಲು ಇನ್ನೂ ಏಳು ವಾರ ಇದೆ. ಮುಂದಿನ ವಾರದ ಟಾಸ್ಕ್ ತೆಂಗಿನಕಾಯಿಯದು: ಕಾಯಿ ಈಗಲೇ ಮಾರುವುದೋ, ಕೊಬ್ಬರಿ ಮಾಡಿ ಆಮೇಲೆ ಮಾರುವುದೋ. ಆ ಊರಿನ ಮಕ್ಕಳಿಗೆ ಇದರಲ್ಲಿ ಮಿಸ್‌ಗಿಂತ ಹೆಚ್ಚು ಗೊತ್ತಿರುತ್ತದೆ. ಅವಳಿಗೆ ಬೇಕಾಗಿರುವುದೂ ಅದೇ.