ಮಳೆಗಾಲಕ್ಕೆ ಮೊದಲು ಮನೆಯ ವೈರಿಂಗ್: ಬೋರ್ಡು ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಸ್ತಾರೆ ಹೋಬಳಿಯೂ ಸೇರಿದಂತೆ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ಹಳೆಯ ಹಂಚಿನ ಮನೆಗಳು ಇಂದಿಗೂ ಸಾಕಷ್ಟಿವೆ. ಇವುಗಳಲ್ಲಿ ಅನೇಕ ಮನೆಗಳಿಗೆ ವಿದ್ಯುತ್ ಸಂಪರ್ಕ ದೊರೆತ ಕಾಲದಲ್ಲಿ ನಾಲ್ಕೈದು ದೀಪಗಳು ಮತ್ತು ಒಂದು ರೇಡಿಯೋ, ಇಷ್ಟೇ ಬಳಕೆಯಾಗಿತ್ತು. ಮರದ ಪಟ್ಟಿಯ ಮೇಲೆ ಎಳೆದ ತಂತಿ, ಮರದ ಹಲಗೆಯ ಮೇಲೆ ಕೂರಿಸಿದ ಪಿಂಗಾಣಿ ಫ್ಯೂಸು ಅಂದಿನ ಅಗತ್ಯಕ್ಕೆ ಸಾಕಾಗಿದ್ದವು. ಇಂದು ಅದೇ ತಂತಿಯ ಮೇಲೆ ಗೀಸರ್, ಮಿಕ್ಸಿ, ಫ್ರಿಜ್, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರು ಎಲ್ಲವೂ ನಡೆಯುತ್ತಿವೆ.

ಫ್ಯೂಸು ಪದೇ ಪದೇ ಹೋಗತೊಡಗಿದಾಗ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿಯನ್ನು ಹಿಡಿಯುತ್ತಾರೆ. ಒಂದು, ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು. ಇನ್ನೊಂದು, ಪೇಟೆಯಿಂದ ಹೊಸ ಎಂಸಿಬಿ ಬೋರ್ಡು ತಂದು ಹಳೆಯ ತಂತಿಗಳನ್ನೇ ಅದಕ್ಕೆ ಜೋಡಿಸುವುದು. ಮೊದಲನೆಯದು ಅಪಾಯಕರವೆಂಬುದು ಬಹುಮಂದಿಗೆ ತಿಳಿದಿದೆ. ಎರಡನೆಯದು ಅರ್ಧಕ್ಕೆ ನಿಂತ ಕೆಲಸವೆಂಬುದು ಅಷ್ಟಾಗಿ ತಿಳಿದಿಲ್ಲ. ಗೋಡೆಯ ಮೇಲಿನ ಹೊಸ ಬೋರ್ಡು ಎಷ್ಟರಮಟ್ಟಿಗೆ ಕಾಪಾಡುತ್ತದೆ ಎಂಬುದನ್ನು ಅದರ ಹಿಂದಿರುವ ತಂತಿಯೂ ನೆಲದಲ್ಲಿರುವ ಅರ್ಥಿಂಗೂ ನಿರ್ಧರಿಸುತ್ತವೆ. ಈ ಮೂರನ್ನೂ ಒಂದೇ ಕೆಲಸವೆಂದು ತಿಳಿದು, ಮುಂಗಾರು ಹಿಡಿಯುವ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮಕರ.

1. ಮೊದಲು ಹೊರೆಯ ಲೆಕ್ಕ

ಒಂದು ಸಾಧಾರಣ ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗೀಸರ್ 2,000 ವ್ಯಾಟ್, ಇಸ್ತ್ರಿಪೆಟ್ಟಿಗೆ 1,000, ಒಂದು ಅಶ್ವಶಕ್ತಿಯ ಮೋಟಾರು ಸುಮಾರು 1,000, ಮಿಕ್ಸಿ 500, ಫ್ರಿಜ್ 200, ದೀಪ, ಫ್ಯಾನು, ಟಿ.ವಿ. ಸೇರಿ 300, ಒಟ್ಟು 5,000 ವ್ಯಾಟ್. ಇದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 22 ಆಂಪಿಯರ್ ಆಗುತ್ತದೆ. ಎಲ್ಲವೂ ಏಕಕಾಲಕ್ಕೆ ನಡೆಯುವುದಿಲ್ಲ ಎಂಬುದು ನಿಜ. ಆದರೆ ಬೆಳಗಿನ ಹೊತ್ತು ಗೀಸರ್, ಮೋಟಾರು ಮತ್ತು ಮಿಕ್ಸಿ ಒಟ್ಟಿಗೆ ನಡೆದರೂ 15 ಆಂಪಿಯರ್ ಹರಿಯುತ್ತದೆ.

ತಂತಿಯಲ್ಲಿ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಐದು ಆಂಪಿಯರ್ ಹರಿಯುತ್ತಿದ್ದ ಹಳೆಯ ತಂತಿಯಲ್ಲಿ ಹದಿನೈದು ಹರಿದಾಗ ನಡೆಯುವುದು ಇದೇ. ಅಟ್ಟದ ಮೇಲೆ, ಇಲಿ ಕಡಿದ ಕಡೆ, ಬರಿದೇ ತಿರುಚಿ ಟೇಪು ಸುತ್ತಿದ ಗಂಟುಗಳಲ್ಲಿ, ಅಲ್ಯೂಮಿನಿಯಂ ಮತ್ತು ತಾಮ್ರದ ತಂತಿಗಳನ್ನು ಒಟ್ಟಿಗೆ ಹೊಸೆದ ಕಡೆ ಈ ಬಿಸಿ ಇನ್ನೂ ಹೆಚ್ಚು. ಮಲೆನಾಡಿನ ತೇವದಲ್ಲಿ ಇಂತಹ ಗಂಟುಗಳು ಬೇಗನೆ ಕಿಲುಬುಗಟ್ಟಿ ಸಡಿಲವಾಗುತ್ತವೆ. ಸಡಿಲ ಗಂಟಿನಿಂದ ಹಾರುವ ಕಿಡಿ ಒಣ ಮರದ ತೊಲೆ, ರೀಪುಗಳಿಗೆ ತಗುಲಿದರೆ ಹಂಚಿನ ಮನೆ ಉಳಿಯುವುದು ಕಷ್ಟ.

ಆದುದರಿಂದ ಬೋರ್ಡು ಕೊಳ್ಳುವ ಮೊದಲು ಮನೆಯ ಉಪಕರಣಗಳ ಪಟ್ಟಿಯನ್ನು ಬರೆದು, ಮಂಜೂರಾದ ಹೊರೆ ಎಷ್ಟೆಂದು ವಿದ್ಯುತ್ ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಅಗತ್ಯವು ಮಂಜೂರಾತಿಗಿಂತ ಹೆಚ್ಚಿದ್ದರೆ ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸಬೇಕು.

2. ಎಂಸಿಬಿ ಕಾಯುವುದು ತಂತಿಯನ್ನು

ತಂತಿಯ ಗಾತ್ರವನ್ನು ಹೊರೆಯು ನಿರ್ಧರಿಸುತ್ತದೆ. ಎಂಸಿಬಿಯ ಗಾತ್ರವನ್ನು ತಂತಿ ನಿರ್ಧರಿಸುತ್ತದೆ. ಈ ಕ್ರಮ ತಿರುವುಮುರುವಾಗಬಾರದು. ದೀಪ ಮತ್ತು ಫ್ಯಾನುಗಳ ಸರ್ಕ್ಯೂಟಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೆ 6 ಅಥವಾ 10 ಆಂಪಿಯರಿನ ಎಂಸಿಬಿ. 16 ಆಂಪಿಯರಿನ ಸಾಕೆಟ್ಟಿಗೆ 2.5 ಚದರ ಮಿಲಿಮೀಟರ್, ಗೀಸರಿನಂತಹ ಭಾರಿ ಉಪಕರಣಕ್ಕೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ, ಅವುಗಳಿಗೆ 16 ಆಂಪಿಯರಿನ ಎಂಸಿಬಿ. ಇದು ಸಾಮಾನ್ಯ ರೂಢಿ. ದೂರ ಹೆಚ್ಚಿದ್ದರೆ ತಂತಿ ಇನ್ನೂ ದಪ್ಪವಿರಬೇಕು.

ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು 10 ಆಂಪಿಯರಿನದನ್ನು ತೆಗೆದು 32ರದನ್ನು ಹಾಕಿಸುವುದು ಫ್ಯೂಸಿಗೆ ದಪ್ಪ ತಂತಿ ಕಟ್ಟಿದಷ್ಟೇ ತಪ್ಪು. ಆಗ ಬಿಸಿಯಾಗಿ ಸುಡುವುದು ತಂತಿ. ಎಂಸಿಬಿ ಮಾತ್ರ ತನ್ನ ಮಿತಿ ಮೀರಿಲ್ಲವೆಂದು ಸುಮ್ಮನಿರುತ್ತದೆ. ಅದು ಬೀಳುತ್ತಿದ್ದರೆ ಹೊರೆಯನ್ನು ಬೇರೆ ಸರ್ಕ್ಯೂಟಿಗೆ ಹಂಚಬೇಕು, ಇಲ್ಲವೇ ದೋಷವನ್ನು ಹುಡುಕಬೇಕು.

3. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು

ಎಂಸಿಬಿ ಇದ್ದ ಮೇಲೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಜೀವಕ್ಕೆ ಎರವಾಗುವ ತಪ್ಪು ತಿಳಿವಳಿಕೆ. ಒದ್ದೆಯಾದ ದೇಹದ ವಿದ್ಯುತ್ ತಡೆಯನ್ನು ಸುಮಾರು 1,000 ಓಮ್ ಎಂದು ಹಿಡಿದರೆ, 230 ವೋಲ್ಟ್ ತಗುಲಿದಾಗ ದೇಹದ ಮೂಲಕ 230 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ಕಾಲು ಭಾಗಕ್ಕಿಂತ ಕಡಿಮೆ ಪ್ರವಾಹ ಹರಿಯುತ್ತದೆ. ಹೃದಯವನ್ನು ನಿಲ್ಲಿಸಲು ಇದು ಧಾರಾಳವಾಗಿ ಸಾಕು. ಆದರೆ 6 ಆಂಪಿಯರಿನ ಎಂಸಿಬಿಗೆ ಇದು ಒಂದು ಸಣ್ಣ ದೀಪದ ಹೊರೆಯಂತೆ ತೋರುತ್ತದೆ, ಅದು ಬೀಳುವುದಿಲ್ಲ.

ಆರ್‌ಸಿಸಿಬಿಯ ಕೆಲಸ ಬೇರೆ. ಫೇಸ್ ತಂತಿಯಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್ ತಂತಿಯಲ್ಲಿ ಮರಳಿತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ, ಪ್ರವಾಹ ಬೇರೆಲ್ಲೋ ನೆಲಕ್ಕೆ ಸೋರುತ್ತಿದೆ ಎಂದರ್ಥ. ಮನೆಬಳಕೆಗೆ ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸೋರಿಕೆ ಈ ಮಟ್ಟ ಮುಟ್ಟಿದಾಗ ಅದು ಹೆಚ್ಚೆಂದರೆ 0.3 ಸೆಕೆಂಡಿನೊಳಗೆ ಸಂಪರ್ಕವನ್ನು ಕಡಿಯುತ್ತದೆ; ಸೋರಿಕೆ ಹೆಚ್ಚಿದ್ದರೆ ಇನ್ನೂ ಬೇಗ.

ಇದಕ್ಕೂ ಎರಡು ಮಿತಿಗಳಿವೆ. ಒಂದೇ ಸಮಯದಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಮುಟ್ಟಿದವರನ್ನು ಆರ್‌ಸಿಸಿಬಿ ಉಳಿಸಲಾರದು, ಏಕೆಂದರೆ ಅದಕ್ಕೆ ವ್ಯತ್ಯಾಸವೇ ಕಾಣುವುದಿಲ್ಲ. ಹೊರೆ ಹೆಚ್ಚಾದರೂ ಅದು ಬೀಳುವುದಿಲ್ಲ. ಆದುದರಿಂದ ಬೋರ್ಡಿನಲ್ಲಿ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಇರಬೇಕು.

4. ಅರ್ಥಿಂಗ್: ಕಾಣದಿದ್ದರೂ ಇರಲೇಬೇಕಾದದ್ದು

ಗೀಸರಿನ ಒಳಗಿನ ಕಾಯಿಲ್ ಸವೆದು ತಂತಿ ಲೋಹದ ಮೈಗೆ ತಗುಲಿತೆಂದು ಭಾವಿಸೋಣ. ಅರ್ಥಿಂಗ್ ಇಲ್ಲದಿದ್ದರೆ ಆ ಮೈ ಪೂರ್ತಿ 230 ವೋಲ್ಟ್‌ನಲ್ಲಿ ಕಾದು ಕುಳಿತಿರುತ್ತದೆ. ಬಚ್ಚಲುಮನೆಯಲ್ಲಿ ಒದ್ದೆ ಕೈಯಿಂದ ನಲ್ಲಿ ಮುಟ್ಟಿದವರ ದೇಹವೇ ಅದಕ್ಕೆ ನೆಲದ ದಾರಿಯಾಗುತ್ತದೆ. ಅರ್ಥಿಂಗ್ ಇದ್ದರೆ ಯಾರೂ ಮುಟ್ಟುವ ಮೊದಲೇ ಪ್ರವಾಹ ನೆಲಕ್ಕಿಳಿಯುತ್ತದೆ.

ಆದರೆ ಅರ್ಥಿಂಗ್ ಒಂದೇ ಸಾಲದು ಎಂಬುದಕ್ಕೂ ಲೆಕ್ಕವಿದೆ. ಮನೆಯ ಅರ್ಥ್ ಗುಂಡಿಯ ತಡೆ 20 ಓಮ್ ಎಂದಿಟ್ಟುಕೊಂಡರೆ ನೆಲಕ್ಕೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳದು. ಗೀಸರಿನ ಮೈಯಲ್ಲಿ ವಿದ್ಯುತ್ ಉಳಿದೇ ಇರುತ್ತದೆ. ಅದೇ ಸರ್ಕ್ಯೂಟಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ತಕ್ಷಣ ಬೀಳುತ್ತದೆ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ರಕ್ಷಣೆ ಪೂರ್ಣವಾಗುವುದು ಹೀಗೆ.

ಈ ಭಾಗದಲ್ಲಿ ಮಳೆಗಾಲದ ಮಣ್ಣು ಸದಾ ತೇವವಾಗಿದ್ದು ಅರ್ಥಿಂಗ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಾರ್ಚಿಯಿಂದ ಮೇ ತನಕ ನೆಲ ಒಣಗಿ ತಡೆ ಏರುತ್ತದೆ. ಆದುದರಿಂದ ಅರ್ಥಿಂಗನ್ನು ಅಳೆಯಬೇಕಾದದ್ದು ಬೇಸಿಗೆಯಲ್ಲಿ. ಆಗ ಸರಿಯಿದ್ದದ್ದು ವರ್ಷವಿಡೀ ಸರಿಯಿರುತ್ತದೆ. ಗುಂಡಿಯಲ್ಲಿ ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದದ ಕಲಾಯಿ ಪೈಪನ್ನು ನೆಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ತುಂಬುತ್ತಾರೆ. ಬಚ್ಚಲಿನ ನೀರು ಹರಿದುಹೋಗುವ ಪಕ್ಕದ ತಂಪು ಜಾಗ ಇದಕ್ಕೆ ಅನುಕೂಲ. ನೀರಿನ ಪೈಪಿಗೆ ತಂತಿ ಸುತ್ತಿ ಅದನ್ನೇ ಅರ್ಥಿಂಗ್ ಎನ್ನುವುದು ಸಲ್ಲದು. ಪೈಪಿನ ನಡುವೆ ಎಲ್ಲಿಯಾದರೂ ಪ್ಲಾಸ್ಟಿಕ್ ತುಂಡು ಸೇರಿದ್ದರೆ ಸಂಪರ್ಕವೇ ಕಡಿದಿರುತ್ತದೆ, ಮತ್ತು ನಲ್ಲಿ ಮುಟ್ಟಿದವರಿಗೆಲ್ಲ ಶಾಕ್ ತಗುಲುವ ಅಪಾಯವಿದೆ. ನ್ಯೂಟ್ರಲ್ ತಂತಿಯನ್ನು ಸಾಕೆಟ್ಟಿನ ಅರ್ಥ್ ಪಿನ್ನಿಗೆ ಜೋಡಿಸುವುದಂತೂ ಇನ್ನೂ ಅಪಾಯಕರ.

5. ಮಳೆಗಾಲದಲ್ಲಿ ಬೀಳುವ ಆರ್‌ಸಿಸಿಬಿ

ಆರ್‌ಸಿಸಿಬಿ ಹಾಕಿಸಿದ ಮನೆಗಳಲ್ಲಿ ಜೂನ್, ಜುಲೈ ತಿಂಗಳಲ್ಲಿ ಬರುವ ಸಾಮಾನ್ಯ ದೂರೊಂದಿದೆ: ಮಳೆ ಹಿಡಿದರೆ ಅದು ನಿಲ್ಲುವುದೇ ಇಲ್ಲ, ಬೀಳುತ್ತಲೇ ಇರುತ್ತದೆ. ಬೇಸತ್ತವರು ಅದನ್ನು ತೆಗೆಸಿ ತಂತಿಗಳನ್ನು ನೇರವಾಗಿ ಜೋಡಿಸಿಬಿಡುತ್ತಾರೆ. ಗೋಡೆ ಒದ್ದೆಯಾಗಿ, ಶಾಕಿನ ಸಾಧ್ಯತೆ ಅತಿ ಹೆಚ್ಚಾದ ತಿಂಗಳುಗಳಲ್ಲೇ ಕಾವಲುಗಾರನನ್ನು ಮನೆಗೆ ಕಳುಹಿಸಿದಂತೆ ಇದು.

ಆರ್‌ಸಿಸಿಬಿ ಬೀಳುತ್ತಿದೆ ಎಂದರೆ ಎಲ್ಲೋ ಸೋರಿಕೆ ಇದೆ. ಅದನ್ನು ಪತ್ತೆ ಹಚ್ಚುವ ಮೊದಲ ಹೆಜ್ಜೆಯನ್ನು ಮನೆಯವರೇ ಇಡಬಹುದು. ಎಲ್ಲ ಪ್ಲಗ್ಗುಗಳನ್ನೂ ಸಾಕೆಟ್ಟಿನಿಂದ ಪೂರ್ತಿ ಕಿತ್ತು ಆರ್‌ಸಿಸಿಬಿಯನ್ನು ಮೇಲೆತ್ತಬೇಕು. ನಿಂತರೆ ಒಂದೊಂದೇ ಉಪಕರಣವನ್ನು ಜೋಡಿಸುತ್ತ ಹೋಗಬೇಕು. ಯಾವುದನ್ನು ಹಾಕಿದಾಗ ಬೀಳುತ್ತದೋ ದೋಷ ಅದರಲ್ಲಿದೆ. ಎಲ್ಲವನ್ನೂ ಕಿತ್ತ ಮೇಲೂ ಬೀಳುತ್ತಿದ್ದರೆ ದೋಷ ವೈರಿಂಗಿನಲ್ಲೇ ಇದೆ: ಸೋರುವ ಹಂಚಿನ ಕೆಳಗಿನ ಜಂಕ್ಷನ್ ಪೆಟ್ಟಿಗೆ, ಅಂಗಳದ ದೀಪ, ಮೋಟಾರಿಗೆ ಹೋದ ತಂತಿ ಇವುಗಳಲ್ಲೊಂದು ಆಗಿರಬಹುದು. ಆಗ ಪರವಾನಗಿ ಹೊಂದಿದ ವೈರ್‌ಮ್ಯಾನನ್ನು ಕರೆಸಿ ಮೆಗ್ಗರ್‌ನಿಂದ ಪರೀಕ್ಷಿಸಬೇಕು. 500 ವೋಲ್ಟ್ ಪರೀಕ್ಷೆಯಲ್ಲಿ ತಂತಿಯ ಹೊದಿಕೆಯ ತಡೆ ಕನಿಷ್ಠ 1 ಮೆಗಾಓಮ್ ಇರಬೇಕು.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಒಂದು ದೋಷಕ್ಕೆ ಮನೆಯೆಲ್ಲ ಕತ್ತಲಾಗುತ್ತದೆ. ಬಚ್ಚಲು ಮತ್ತು ಹೊರಾಂಗಣಕ್ಕೆ ಒಂದು, ಉಳಿದ ಕೋಣೆಗಳಿಗೆ ಒಂದು ಎಂದು ಬೇರ್ಪಡಿಸಿದರೆ ಈ ತೊಂದರೆ ತಪ್ಪುತ್ತದೆ. ಹಾಗೆ ಮಾಡುವಾಗ ಪ್ರತಿಯೊಂದರ ನ್ಯೂಟ್ರಲ್ ತಂತಿಯೂ ಪ್ರತ್ಯೇಕವಾಗಿರಬೇಕು.

6. ಜನರೇಟರ್ ಮತ್ತು ಇನ್ವರ್ಟರ್

ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಾಗ ಜನರೇಟರ್ ಅನಿವಾರ್ಯ. ಆದರೆ ಅದರ ತಂತಿಯನ್ನು ಮನೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ ವಿದ್ಯುತ್ ಮೀಟರಿನ ಮೂಲಕ ಹಿಮ್ಮುಖವಾಗಿ ಕಂಬಕ್ಕೆ ಹರಿಯುತ್ತದೆ. ಪರಿವರ್ತಕವನ್ನು ದಾಟುವಾಗ ಅದು ಸಾವಿರಾರು ವೋಲ್ಟ್ ಆಗುತ್ತದೆ. ಲೈನಿನಲ್ಲಿ ವಿದ್ಯುತ್ ಇಲ್ಲವೆಂದು ತಿಳಿದು ಮಳೆಯಲ್ಲಿ ಕಂಬ ಹತ್ತಿದ ಪವರ್‌ಮ್ಯಾನ್ ಅದಕ್ಕೆ ಬಲಿಯಾಗಬಹುದು. ಮೆಸ್ಕಾಂ ಲೈನು ಮತ್ತು ಜನರೇಟರ್ ಎಂದಿಗೂ ಒಟ್ಟಿಗೆ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಿ ಇರಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಸ್ವಿಚ್ ಇಳಿಸಿದರೂ ಕೆಲವು ತಂತಿಗಳಲ್ಲಿ ವಿದ್ಯುತ್ ಇರುತ್ತದೆ ಎಂಬುದನ್ನು ದುರಸ್ತಿಗೆ ಬಂದವರಿಗೆ ಮೊದಲೇ ತಿಳಿಸಬೇಕು.

7. ತೋಟದ ಲೈನ್ ಮನೆಗಳು

ತೋಟದ ಲೈನ್ ಮನೆಗಳಲ್ಲಿ ಹಲವು ಕಡೆ ಒಂದೇ ಸಂಪರ್ಕದಿಂದ ನಾಲ್ಕಾರು ಕುಟುಂಬಗಳಿಗೆ ತಂತಿ ಹೋಗಿರುತ್ತದೆ. ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಬಂದ ಕೂಲಿ ಕಾರ್ಮಿಕರು ಸೇರಿ ಬಳಕೆ ಇನ್ನಷ್ಟು ಏರುತ್ತದೆ. ಬಕೆಟ್ಟಿನಲ್ಲಿ ಇಳಿಬಿಟ್ಟ 1,500 ವ್ಯಾಟಿನ ವಾಟರ್ ಹೀಟರ್ ರಾಡ್ ಮಕ್ಕಳಿರುವ ಕೋಣೆಯಲ್ಲಿ ಅತ್ಯಂತ ಅಪಾಯಕಾರಿ ವಸ್ತು. ಪ್ರತಿ ಮನೆಗೂ ಪ್ರತ್ಯೇಕ ಎಂಸಿಬಿ, ಇಡೀ ಸಾಲಿಗೆ ಕನಿಷ್ಠ ಒಂದು ಆರ್‌ಸಿಸಿಬಿ, ಮತ್ತು ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟುಗಳನ್ನು ಒದಗಿಸುವುದು ತೋಟದ ಮಾಲೀಕರ ಹೊಣೆ. ಪಲ್ಪರ್ ಮನೆ ಮತ್ತು ಕಣದ ಮೋಟಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ನೆಲ ಸದಾ ಒದ್ದೆ. ಕೆಲಸ ಮಾಡುವವರು ಬರಿಗಾಲಿನಲ್ಲಿರುವುದೂ ಉಂಟು.

8. ಯಾವ ಕೆಲಸ ಯಾರದು

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಅದೇ ಸಾಮರ್ಥ್ಯದವುಗಳಿಂದ ಬದಲಿಸುವುದನ್ನು ಬಿಟ್ಟು, ಹೊಸ ವೈರಿಂಗ್, ವಿಸ್ತರಣೆ, ಮಾರ್ಪಾಡು ಎಲ್ಲವನ್ನೂ ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ಬೋರ್ಡು ಬದಲಾವಣೆಯೂ ಈ ಎರಡನೆಯ ಗುಂಪಿಗೆ ಸೇರುತ್ತದೆ. ಕಂಬದಿಂದ ಮೀಟರಿನವರೆಗಿನ ಭಾಗ ಮೆಸ್ಕಾಂಗೆ ಸೇರಿದ್ದು. ಮೀಟರಿನ ಸೀಲನ್ನು ಮನೆಯವರಾಗಲಿ ಗುತ್ತಿಗೆದಾರರಾಗಲಿ ಮುಟ್ಟುವಂತಿಲ್ಲ. ಮೀಟರಿನ ನಂತರದ ತಂತಿಯ ಸುರಕ್ಷತೆ ಗ್ರಾಹಕರ ಹೊಣೆ.

ಕೆಲಸ ಮುಗಿದ ದಿನ ಮನೆಯವರು ಈ ಕೆಳಗಿನವುಗಳನ್ನು ಕೇಳಿ, ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು:

• ತಂತಿ, ಎಂಸಿಬಿ, ಆರ್‌ಸಿಸಿಬಿ, ಸಾಕೆಟ್ಟುಗಳ ಮೇಲೆ ಐಎಸ್‌ಐ ಗುರುತು ಇದೆಯೇ?
• ಬೋರ್ಡಿನ ಪ್ರತಿ ಎಂಸಿಬಿಯ ಕೆಳಗೆ ಅದು ಯಾವ ಕೋಣೆಗೆ ಸೇರಿದ್ದೆಂದು ಕನ್ನಡದಲ್ಲಿ ಬರೆದಿದೆಯೇ?
• ಹಸಿರು ತಂತಿ ಪ್ರತಿ ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರದವರೆಗೂ ತಲುಪಿದೆಯೇ?
• ಸ್ವಿಚ್ಚುಗಳು ಫೇಸ್ ತಂತಿಯ ಮೇಲೆಯೇ ಇವೆಯೇ? ಕಪ್ಪು ತಂತಿಯ ಮೇಲೆ ಸ್ವಿಚ್ ಇರಬಾರದು.
• ಅರ್ಥಿಂಗ್ ಹಾಗೂ ಮೆಗ್ಗರ್ ಪರೀಕ್ಷೆಯ ಅಳತೆಗಳನ್ನು ಬರೆದುಕೊಟ್ಟಿದ್ದಾರೆಯೇ?
• ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿದ ಕೂಡಲೇ ಅದು ಬಿತ್ತೇ?

ಕೊನೆಯ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮನೆಯವರೇ ಮಾಡಬೇಕು. ಗುಂಡಿ ಒತ್ತಿದರೂ ಬೀಳದ ಆರ್‌ಸಿಸಿಬಿಯನ್ನು ಇಲ್ಲವೆಂದೇ ಎಣಿಸಿ ಬದಲಿಸಬೇಕು.

ಯಾರಿಗಾದರೂ ಶಾಕ್ ತಗುಲಿದರೆ ಅವರನ್ನು ಬರಿಗೈಯಲ್ಲಿ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಇಳಿಸಬೇಕು. ಅದು ಕೂಡಲೇ ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ಹೊರಗಿನ ಲೈನು ಹರಿದು ಬಿದ್ದಿದ್ದರೆ ಕೋಲನ್ನೂ ಬಳಸದೆ, ದೂರ ನಿಂತು, ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು.

ಅಂಗನವಾಡಿ, ಶಾಲೆ, ಅರಿವು ಕೇಂದ್ರ ಮೊದಲಾದ ಸಾರ್ವಜನಿಕ ಕಟ್ಟಡಗಳಿಗೂ ಮೇಲಿನ ಎಲ್ಲ ಅಂಶಗಳು ಅನ್ವಯಿಸುತ್ತವೆ. ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಇಂತಹ ಕಟ್ಟಡಗಳ ಬೋರ್ಡನ್ನು ಮುಂಗಾರಿಗೆ ಮೊದಲು ಒಮ್ಮೆ ತೆರೆಸಿ ನೋಡಿ, ಆರ್‌ಸಿಸಿಬಿ ಇಲ್ಲದ ಅಥವಾ ಅರ್ಥಿಂಗ್ ಕಡಿದಿರುವ ಕಟ್ಟಡಗಳ ಪಟ್ಟಿಯನ್ನು ಪಂಚಾಯಿತಿ ಕಚೇರಿಗೆ ನೀಡಬೇಕಾಗಿ ಕೋರಲಾಗಿದೆ.