ನಲವತ್ತಾರರಲ್ಲಿ ಓಡಿದೆ ಹತ್ತು ಕಿಲೋಮೀಟರ್!

“ಏನಾಯ್ತು? ಮನೇಲಿ ಯಾರಿಗಾದರೂ ಹುಷಾರಿಲ್ವಾ? ಜೀಪು ಹತ್ತಿ, ಆಸ್ಪತ್ರೆಗೆ ಬಿಡ್ತೀನಿ!”

ಮೊದಲ ದಿನ ರಸ್ತೆಯಲ್ಲಿ ಓಡಿದಾಗ ಪಕ್ಕದ ತೋಟದವರು ಜೀಪು ನಿಲ್ಲಿಸಿ ಹೀಗೆ ಕೇಳಿದರು. ಅವರ ತಪ್ಪೇನೂ ಇಲ್ಲ. ನಮ್ಮ ಗೋಣಿಕೊಪ್ಪದ ಕಡೆ ನಡುವಯಸ್ಸಿನ ಹೆಂಗಸು ಓಡಿದಳೆಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು, ಇಲ್ಲವೇ ಹಿಂದೆ ಆನೆ ಅಟ್ಟಿಸಿಕೊಂಡು ಬಂದಿರಬೇಕು! “ಏನಿಲ್ಲ, ಸುಮ್ಮನೆ ಓಡ್ತಿದ್ದೀನಿ” ಎಂದೆ. ಮೇಲಿಂದ ಕೆಳಗೆ ನೋಡಿ ಹೊರಟುಹೋದರು. ಸಂಜೆಯೊಳಗೆ ಸುದ್ದಿ ಅತ್ತೆಯವರ ಕಿವಿಗೂ ಬಿದ್ದಿತ್ತು.

ಸೋದರಿಯರೇ, ನಾನು ಸುಮ್ಮನೆ ಓಡಿದ್ದಲ್ಲ. 2024ರ ಮಳೆಗಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆ 6.3 ಎಂದು ಬಂತು. 5.7ರಿಂದ 6.4ರವರೆಗೆ ಇದ್ದರೆ ಗಡಿಯಲ್ಲಿದ್ದ ಹಾಗೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ನನ್ನ ತಾಯಿ ಇದೇ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡು, ಕೊನೆಯ ನಾಲ್ಕು ವರ್ಷ ಜಗಲಿಯ ಕುರ್ಚಿಯಲ್ಲೇ ಕಳೆದವರು. ಆ ರಾತ್ರಿಯೆಲ್ಲ ಅದೇ ಕುರ್ಚಿ ನನ್ನ ಕಣ್ಣ ಮುಂದೆ.

“ದಿನವೂ ಬೆವರು ಬರುವ ಹಾಗೆ ನಡೆಯಿರಿ” ಎಂದಿದ್ದರು ಡಾಕ್ಟರು. “ಬೆಳಗಿನಿಂದ ರಾತ್ರಿವರೆಗೆ ಮನೆಯಲ್ಲಿ ಓಡಾಡ್ತಾನೇ ಇರ್ತೀನಲ್ಲ?” ಎಂದೆ. ಅದು ಸಾಲದಂತೆ. ಅರ್ಧ ಗಂಟೆ ಬಿಡದೆ ಬಿರುಸಾಗಿ ನಡೆದರೆ ಕಾಲಿನ ದೊಡ್ಡ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಂಡು ಉರುವಲಿನಂತೆ ಉರಿಸುತ್ತವೆ. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಕೊಟ್ಟಿಗೆಗೆ ಓಡಾಡಿದರೆ ದಣಿವಾಗುತ್ತದೆ ನಿಜ, ಆದರೆ ಉಸಿರು ಏರುವುದಿಲ್ಲ.

ತುಲಾ ಸಂಕ್ರಮಣ ಕಳೆದ ಮೇಲೆ ನಡೆಯಲು ಶುರು ಮಾಡಿದೆ. ಪುತ್ತರಿ ಮುಗಿದ ವಾರ ಬೆಂಗಳೂರಿನಿಂದ ತಂಗಿ ಫೋನ್ ಮಾಡಿ, “ಅಕ್ಕಾ, ಏಪ್ರಿಲ್‌ನಲ್ಲಿ ಇಲ್ಲಿ ಹತ್ತು ಕಿಲೋಮೀಟರ್ ಓಟ ಇದೆ. ನಿನ್ನ ಹೆಸರೂ ಕೊಡ್ತೀನಿ” ಎಂದಳು. ಅದು 2008ರಲ್ಲಿ ಶುರುವಾದ ‘ವರ್ಲ್ಡ್ 10ಕೆ’. ಹೊರದೇಶದ ಹೆಸರಾಂತ ಓಟಗಾರರು ಬರುವ ಈ ಓಟದಲ್ಲಿ ನಮ್ಮಂಥ ಸಾಮಾನ್ಯರಿಗೂ ಬೇರೆ ವಿಭಾಗವಿದೆ. “ದುಡ್ಡು ಕಟ್ಟಿದ ಮೇಲೆ ಬಿಡೋ ಹಾಗಿಲ್ಲ” ಎಂದು ನಕ್ಕರು ನಮ್ಮವರು.

ಅತ್ತೆಯವರು ನಗಲಿಲ್ಲ. “ಓಡೋದು ಗಂಡಸರಿಗೆ” ಎಂದರು. ಅವರ ಮಾತಿಗೂ ಆಧಾರವಿದೆ. ಕೊಡಗಿನಲ್ಲಿ ಹಿಂದೆ ನಾಟಿ ಕೆಲಸ ಮುಗಿಸುವ ಹೊತ್ತಿಗೆ ದೊಡ್ಡ ಗದ್ದೆಯ ಉದ್ದಕ್ಕೂ ಹತ್ತಡಿಯಷ್ಟು ಜಾಗ ಬಿಟ್ಟು, ಆ ಕೆಸರಿನಲ್ಲಿ ನಾಟಿ ಓಟ ನಡೆಸುತ್ತಿದ್ದರು. ಮೊದಲು ಬಂದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಮತ್ತೊಬ್ಬನಿಗೆ ಹಲಸಿನ ಹಣ್ಣು. ಓಡುತ್ತಿದ್ದವರು ಗಂಡಸರೇ. ಹೊರಗಿನ ಪ್ರಪಂಚವೂ ಇದಕ್ಕಿಂತ ಮುಂದಿರಲಿಲ್ಲ ಬಿಡಿ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಇಷ್ಟು ಆಯಾಸ ಹೆಣ್ಣಿನ ಮೈಗೆ ತಡೆಯದು ಎಂದು 1960ರವರೆಗೆ ಆ ಓಟವನ್ನೇ ಕೈಬಿಟ್ಟರು. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಆದರೆ ನಮ್ಮ ಜಿಲ್ಲೆಯ ಅಶ್ವಿನಿ ನಾಚಪ್ಪ 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದದ್ದು ಓಡಿಯೇ ಅಲ್ಲವೆ? ಈಗಂತೂ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಹೆಂಗಸರೂ ಸೀರೆ ಎತ್ತಿ ಕಟ್ಟಿ ಓಡುತ್ತಾರೆ.

ಅಭ್ಯಾಸ ಹೀಗಿತ್ತು

ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೇ ಅರ್ಧ ಗಂಟೆ, ವಾರಕ್ಕೆ ಮೂರು ದಿನ. ಓಟ ಎಂದರೆ ನಾಯಿ ಅಟ್ಟಿಸಿಕೊಂಡು ಬಂದ ಹಾಗಲ್ಲ. ಪಕ್ಕದಲ್ಲಿರುವವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಫೆಬ್ರವರಿಯಲ್ಲಿ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ ಸಾಧ್ಯವಾಯಿತು. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿದೆ. ಇಳಿಜಾರಿನಲ್ಲಿ ಮಂಡಿಗೆ ಪೆಟ್ಟು ಹೆಚ್ಚೆಂದು ನಡೆದೇ ಇಳಿದೆ.

ತೊಂದರೆಗಳೂ ಇದ್ದವು. ನಸುಕಿನಲ್ಲಿ ಹೊರಡುವಂತಿಲ್ಲ, ತೋಟದಲ್ಲಿ ಆನೆ ಇರಬಹುದು. ಚೆನ್ನಾಗಿ ಬೆಳಕಾದ ಮೇಲೆ, ಲೈನ್‌ಮನೆಯವರನ್ನು ವಿಚಾರಿಸಿಯೇ ಹೋಗಬೇಕು. ಆ ಹೊತ್ತಿಗೆ ಮನೆಯಲ್ಲಿ ತಿಂಡಿ ಆಗಬೇಕು, ಕಾಫಿ ಕೊಯ್ಲಿನ ಆಳುಗಳೂ ಬರುತ್ತಾರೆ! ಜನವರಿಯ ಒಂದು ಚಳಿಯ ಬೆಳಗ್ಗೆ, ಇದೆಲ್ಲ ಯಾರಿಗೆ ಬೇಕು ಎಂದು ಹೊದ್ದು ಮಲಗಿದ್ದೆ. ಅತ್ತೆ ಬಾಗಿಲು ತಟ್ಟಿದರು. “ಇವತ್ತು ಓಡೋದಿಲ್ವಾ? ರೊಟ್ಟಿ ನಾನು ತಟ್ತೀನಿ, ಹೋಗು. ನಿನ್ನ ಅಮ್ಮನ ಹಾಗೆ ಆಗೋದು ಬೇಡ.” ಅಷ್ಟೇ ಹೇಳಿ ಒಳಗೆ ಹೋದರು. ಆ ದಿನದಿಂದ ಒಂದು ದಿನವೂ ತಪ್ಪಿಸಲಿಲ್ಲ.

ಓಟದ ದಿನ

2025ರ ಏಪ್ರಿಲ್ 27, ಭಾನುವಾರ. ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಪೆರೇಡ್ ಮೈದಾನ. ದೇಶದ ಇನ್ನೊಬ್ಬ ಫೀಲ್ಡ್ ಮಾರ್ಷಲ್ ನಮ್ಮ ಕಾರ್ಯಪ್ಪನವರು ಎಂದು ನೆನೆದು ಸ್ವಲ್ಪ ಧೈರ್ಯ ತಂದುಕೊಂಡೆ. ಇನ್ನೂ ಬೆಳಕು ಹರಿದಿಲ್ಲ, ಎಲ್ಲಿ ನೋಡಿದರೂ ಜನ. ಎದೆಗೆ ನಂಬರಿನ ಚೀಟಿ; ನಾವು ತೆಗೆದುಕೊಂಡ ಹೊತ್ತು ಅದರ ಚಿಪ್‌ನಿಂದಲೇ ದಾಖಲಾಗುತ್ತದೆ.

ನಾಲ್ಕು ತಿಂಗಳು ಕಲಿತದ್ದೆಲ್ಲ ಮೊದಲ ಐದು ನಿಮಿಷದಲ್ಲೇ ಮರೆತುಹೋಯಿತು! ಎಲ್ಲರೂ ನುಗ್ಗಿದರು, ನಾನೂ ನುಗ್ಗಿದೆ. ಮೂರನೆಯ ಕಿಲೋಮೀಟರಿಗೆ ಪಕ್ಕೆ ಹಿಡಿಯಿತು. ಆರನೆಯದಕ್ಕೆ ಕಣ್ಣಲ್ಲಿ ನೀರು. ರಸ್ತೆಯ ಬದಿಗೆ ಹೋಗಿ ನಿಂತುಬಿಟ್ಟೆ. ಸೀರೆ ಉಟ್ಟು ಕ್ಯಾನ್ವಾಸ್ ಶೂ ಹಾಕಿದ್ದ, ಅರವತ್ತು ದಾಟಿದ ಹೆಂಗಸೊಬ್ಬರು ನನ್ನನ್ನು ಕಂಡು, “ನಿಲ್ಲಬೇಡಮ್ಮ, ನಡಿ. ನಡೆದರೂ ದೂರ ಕಮ್ಮಿ ಆಗುತ್ತೆ” ಎಂದು ಹೇಳುತ್ತಲೇ ಮುಂದೆ ಹೋದರು. ನಡೆದೆ. ಉಸಿರು ಹದಕ್ಕೆ ಬಂತು. ಮತ್ತೆ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ, ನಮ್ಮ ತೋಟದ ದಾರಿಯಲ್ಲಿ ಮಾಡಿದಂತೆಯೇ.

ಒಂದು ಗಂಟೆ ಮೂವತ್ತೆಂಟು ನಿಮಿಷಕ್ಕೆ ಮುಗಿಸಿದೆ. ಕೀನ್ಯಾದ ಬೀಟ್ರಿಸ್ ಚೆಬೆಟ್ 2024ರಲ್ಲಿ ಹತ್ತು ಸಾವಿರ ಮೀಟರಿಗೆ ತೆಗೆದುಕೊಂಡದ್ದು ಬರೀ 28 ನಿಮಿಷ 54 ಸೆಕೆಂಡು. ನನ್ನ ಹೊತ್ತಿನಲ್ಲಿ ಆಕೆ ಮೂರು ಸಲ ಓಡಿ, ಕಾಫಿ ಕುಡಿದು ಕೂತಿರುತ್ತಿದ್ದಳು! ಇರಲಿ. ಪದಕ ಕೊರಳಿಗೆ ಬಿದ್ದಾಗ ಅತ್ತಿದ್ದು ಮಾತ್ರ ನೋವಿಗಲ್ಲ. ಅಷ್ಟು ಹೊತ್ತು ಯಾರ ಊಟಕ್ಕೂ, ಯಾರ ಔಷಧಿಗೂ ಅಲ್ಲದೆ ನನಗೋಸ್ಕರ ಓಡಿದ್ದೆ. ಮದುವೆಯಾದ ಮೇಲೆ ಅದೇ ಮೊದಲು.

ನೀವೂ ಹೊರಡುವುದಾದರೆ

* ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ, ಎದೆನೋವು ಇರುವವರು ಮೊದಲು ಡಾಕ್ಟರನ್ನು ಕೇಳಿ.
* ಓಟದ ದಿನ ಹೊಸ ಶೂ ಬೇಡ. ಒಂದು ತಿಂಗಳು ಹಾಕಿ ಪಳಗಿಸಿದ್ದೇ ಇರಲಿ. ಒಳ ಉಡುಪು ಬಿಗಿಯಾಗಿ ಆಧಾರ ಕೊಡುವಂಥದಾಗಿರಲಿ.
* ಹಿಂದಿನ ರಾತ್ರಿ ಮಸಾಲೆ, ಕರಿದದ್ದು ಬಿಟ್ಟು ಹಗುರವಾದ ಊಟ. ಬೆಳಗ್ಗೆ ಒಂದು ಬಾಳೆಹಣ್ಣು ಸಾಕು. (ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಇದನ್ನೂ ಡಾಕ್ಟರನ್ನೇ ಕೇಳಿ.)
* ಓಟದ ಕೊನೆಯ ವಾರ ಅಭ್ಯಾಸ ಅರ್ಧಕ್ಕೆ ಇಳಿಸಿ. ಆ ದಿನ ಹಿಂದಿನ ಸಾಲಿನಲ್ಲಿ ನಿಂತು ನಿಧಾನವಾಗಿ ಹೊರಡಿ. ಈ ಬುದ್ಧಿ ನನಗೆ ತಡವಾಗಿ ಬಂತು!

ಜೂನ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ: 5.8. ಅನ್ನ, ಸಿಹಿ ಕಡಿಮೆ ಮಾಡಿದ್ದರ ಪಾಲೂ ಇದರಲ್ಲಿದೆ. ಗಡಿ ಇನ್ನೂ ದಾಟಿ ಬಂದಿಲ್ಲ, ಆದರೆ ಹಿಂದಕ್ಕೆ ಸರಿದಿದ್ದೇನೆ.

ಪಕ್ಕದ ತೋಟದವರು ಈಗಲೂ ಜೀಪು ನಿಲ್ಲಿಸುತ್ತಾರೆ. ಆಸ್ಪತ್ರೆಯ ಮಾತಿಲ್ಲ. “ನಮ್ಮ ಮನೆಯವಳೂ ಬರ್ತಾಳಂತೆ. ಎಷ್ಟು ಗಂಟೆಗೆ ಕಳಿಸಲಿ?” ಎಂದು ಮೊನ್ನೆ ಕೇಳಿದರು.